ನರದ ನೋವಿಗೆ ಬರೆದುಕೊಟ್ಟ ಗುಳಿಗೆ: ಎರಡು ಆಸ್ಪತ್ರೆಯ ಎರಡು ಚೀಟಿ ಇದ್ದಾಗ ಏನು ಮಾಡಬೇಕು?

ಅಘನಾಶಿನಿ, ಶಿರಸಿ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 72 ವರ್ಷ; ಸಕ್ಕರೆ ಕಾಯಿಲೆ ಬಹಳ ಹಳೆಯದು. ಕಳೆದ ಮಳೆಗಾಲದಲ್ಲಿ ಅವರ ಎದೆಯ ಎಡಭಾಗದಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದ ಮೇಲೂ ಆ ಜಾಗದ ಉರಿ ಮಾತ್ರ ನಿಂತಿಲ್ಲ. ಬನಿಯನ್ನಿನ ಅಂಚು ತಾಗಿದರೂ ಮೈ ಮುದುಡಿಕೊಳ್ಳುತ್ತಾರೆ, ಫ್ಯಾನಿನ ಗಾಳಿ ನೇರವಾಗಿ ಬೀಸಿದರೆ ಮಗ್ಗುಲು ಬದಲಿಸುತ್ತಾರೆ. ಇದಕ್ಕೆಂದು ಇಲ್ಲಿನ ವೈದ್ಯರು ರಾತ್ರಿ ಊಟದ ನಂತರ ತೆಗೆದುಕೊಳ್ಳಲು ಒಂದು ಗುಳಿಗೆ ಬರೆದುಕೊಟ್ಟರು. ಆಮೇಲೆ ಎರಡೂ ಪಾದಗಳಲ್ಲಿ ಉರಿ ಮತ್ತು ಜೋಮು ಹೆಚ್ಚಾದ್ದರಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಅಲ್ಲಿ ಕೊಟ್ಟ ಚೀಟಿಯಲ್ಲಿ ಮತ್ತೊಂದು ಹೆಸರಿನ ಗುಳಿಗೆ ಇದೆ. ಹೆಸರೂ ಬಣ್ಣವೂ ಬೇರೆಯಾದ್ದರಿಂದ ಒಂದು ಎದೆಯ ನೋವಿಗೆ, ಇನ್ನೊಂದು ಕಾಲಿನ ಉರಿಗೆ ಎಂದು ತಿಳಿದು ಎರಡನ್ನೂ ಕೊಡುತ್ತಿದ್ದೇವೆ.

ಇತ್ತೀಚೆಗೆ ಅವರು ಹಗಲಿನಲ್ಲೂ ತೂಕಡಿಸುತ್ತಾರೆ, ಮಾತು ಸ್ವಲ್ಪ ತೊದಲುತ್ತದೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಾರೆ. ನಮ್ಮದು ಹಳೆಯ ಮನೆ, ಬಚ್ಚಲು ಹಿಂದಿನ ಅಂಗಳ ದಾಟಿ ಇದೆ. ಇದನ್ನು ನೋಡಿದ ನೆಂಟರು ‘ನರದ ಗುಳಿಗೆ ಎಂದರೆ ಹೀಗೆಯೇ, ಇವತ್ತೇ ಎಲ್ಲವನ್ನೂ ನಿಲ್ಲಿಸಿಬಿಡಿ’ ಎನ್ನುತ್ತಿದ್ದಾರೆ. ನಿಲ್ಲಿಸಿದರೆ ನೋವು, ಕೊಟ್ಟರೆ ತೂಕಡಿಕೆ. ಹುಬ್ಬಳ್ಳಿಯ ಮುಂದಿನ ಭೇಟಿಗೆ ಇನ್ನೂ ಸಮಯವಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಕಾಳಿತೀರ, ಕಾರವಾರ (ಭಾನುವಾರ ರಾತ್ರಿ)

ನಾನು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುವವಳು. ತಾವು ವಿವರಿಸಿದ ರೀತಿಯ ಎರಡು ಚೀಟಿಗಳನ್ನು ಕೌಂಟರಿನ ಮೇಲೆ ಆಗಾಗ ನೋಡುತ್ತಿರುತ್ತೇನೆ. ನಮ್ಮ ಜಿಲ್ಲೆಯವರು ಸಣ್ಣ ಕಾಯಿಲೆಗೆ ಊರಿನ ವೈದ್ಯರನ್ನೂ, ದೊಡ್ಡದಕ್ಕೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ಆಸ್ಪತ್ರೆಗಳನ್ನೂ ನೆಚ್ಚಿಕೊಂಡಿರುವುದರಿಂದ, ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಹೋಗುವ ಸಂಭವ ಇಲ್ಲಿ ಬೇರೆ ಕಡೆಗಿಂತ ಹೆಚ್ಚು.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಎರಡೂ ಸ್ಟ್ರಿಪ್ಪುಗಳನ್ನು ಬೆಳಕಿಗೆ ಹಿಡಿದು, ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿರುವ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ಓದಿ ಇಲ್ಲಿ ತಿಳಿಸಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಒಂದೇ ಔಷಧಕ್ಕೆ ಅಂತಹ ಹತ್ತಾರು ಹೆಸರುಗಳು ಪೇಟೆಯಲ್ಲಿವೆ. ಕಂಪನಿಯ ಹೆಸರಿನ ಕೊನೆಯಲ್ಲಿ ‘ಎಂ’ ಎಂದಿದ್ದರೆ ಸಾಮಾನ್ಯವಾಗಿ ಮೀಥೈಲ್‌ಕೊಬಾಲಮಿನ್ ಎಂಬ ಬಿ12 ಜೀವಸತ್ವವೂ, ‘ಎನ್‌ಟಿ’ ಎಂದಿದ್ದರೆ ನಾರ್ಟ್ರಿಪ್ಟಿಲಿನ್ ಎಂಬ ಎರಡನೆಯ ಔಷಧವೂ ಸೇರಿರುತ್ತದೆ. ಅಂಗಡಿಯಲ್ಲಿ ಸ್ಟ್ರಿಪ್ಪನ್ನು ಕತ್ತರಿಸಿ ಐದು, ಆರು ಗುಳಿಗೆ ಕೊಟ್ಟಿದ್ದರೆ ಕೆಲವೊಮ್ಮೆ ಹೆಸರಿನ ಭಾಗ ಅಂಗಡಿಯಲ್ಲಿಯೇ ಉಳಿದಿರುತ್ತದೆ. ಹಾಗಾಗಿದ್ದರೆ ಬಿಲ್ಲನ್ನು ನೋಡಿ, ಬಿಲ್ಲೂ ಇಲ್ಲದಿದ್ದರೆ ಬೆಳಗ್ಗೆ ಅದೇ ಅಂಗಡಿಗೆ ಹೋಗಿ ಕೇಳಿ.

ನೆಂಟರ ಸಲಹೆಯಂತೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆಂದು ಬೆಳಗಿನವರೆಗೆ ಅವರನ್ನು ಗಮನಿಸದೆ ಇರುವುದೂ ಸರಿಯಲ್ಲ. ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಉಸಿರಾಟ ತೀರಾ ನಿಧಾನವಾದರೆ, ತುಟಿ ನೀಲಿಗಟ್ಟಿದರೆ, ಅಥವಾ ಮುಖದ ಒಂದು ಭಾಗ ಸೊಟ್ಟಗಾಗಿ ಒಂದು ಕೈ ಸೋತಂತೆ ಕಂಡರೆ 108ಕ್ಕೆ ಕರೆ ಮಾಡಿ. ಮಾತು ತೊದಲುವುದಕ್ಕೆ ಗುಳಿಗೆಯೇ ಕಾರಣವೆಂದು ನಾವು ಮನೆಯಲ್ಲಿಯೇ ತೀರ್ಮಾನಿಸುವಂತಿಲ್ಲ. ಸಕ್ಕರೆ ಕುಸಿದರೂ ಪಾರ್ಶ್ವವಾಯು ಆರಂಭವಾದರೂ ಮಾತು ತೊದಲಬಹುದು. ಗ್ಲುಕೊಮೀಟರ್ ಇದ್ದರೆ ಈಗಲೇ ಒಮ್ಮೆ ಸಕ್ಕರೆ ನೋಡಿ.

ಅಘನಾಶಿನಿ, ಶಿರಸಿ (ಭಾನುವಾರ ರಾತ್ರಿ)

ಧನ್ಯವಾದಗಳು ಅಕ್ಕ. ಸಕ್ಕರೆ 164 ಇದೆ. ಮುಖ, ಕೈಕಾಲು ಸರಿಯಾಗಿವೆ, ಕರೆದರೆ ಉತ್ತರಿಸುತ್ತಾರೆ. ಮೊದಲ ಸ್ಟ್ರಿಪ್ಪಿನಲ್ಲಿ ಪ್ರೆಗಾಬಲಿನ್ 75 ಮಿಲಿಗ್ರಾಂ ಮತ್ತು ಮೀಥೈಲ್‌ಕೊಬಾಲಮಿನ್ 1500 ಮೈಕ್ರೋಗ್ರಾಂ ಎಂದಿದೆ. ಎರಡನೆಯದರಲ್ಲಿ ಪ್ರೆಗಾಬಲಿನ್ 75 ಮಿಲಿಗ್ರಾಂ ಮತ್ತು ನಾರ್ಟ್ರಿಪ್ಟಿಲಿನ್ 10 ಮಿಲಿಗ್ರಾಂ ಎಂದಿದೆ. ಅಂದರೆ ಒಂದೇ ಔಷಧ ಎರಡು ಕಡೆಯಿಂದ ಹೋಗುತ್ತಿದೆ.

ಇನ್ನೂ ಕೆಲವು ವಿವರಗಳನ್ನು ಹೇಳಬೇಕು. ಹಳೆಯ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಕಿ) 1.8 ಎಂದಿದೆ, ತೂಕ 58 ಕಿಲೋ. ಸಕ್ಕರೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಒಂದು ಗುಳಿಗೆ ಇದೆ. ಮಂಡಿನೋವು ಬಂದಾಗ ಡೈಕ್ಲೊಫೆನಾಕ್ ಗುಳಿಗೆಯನ್ನು ಅಂಗಡಿಯಿಂದ ತರಿಸಿಕೊಳ್ಳುತ್ತಾರೆ. ಮೂತ್ರ ಕಟ್ಟಿದಂತಾಗಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ ಎಂದು ಈಚೆಗೆ ಹೇಳುತ್ತಿದ್ದರು. ವಯಸ್ಸಿನ ತೊಂದರೆ ಎಂದುಕೊಂಡಿದ್ದರು.

ಶರಾವತಿ ದಂಡೆ, ಹೊನ್ನಾವರ (ಸೋಮವಾರ ಬೆಳಿಗ್ಗೆ)

ನಾನು ವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ರೋಗಿಯನ್ನು ನೋಡದೆ ಗುಳಿಗೆಯ ಪ್ರಮಾಣ ಬದಲಿಸಲು ಇಲ್ಲಿ ಹೇಳಲಾರೆ. ಆದರೆ ತಾವು ಕೊಟ್ಟ ವಿವರಗಳನ್ನು ನೋಡಿದ ಮೇಲೆ, ಮುಂದಿನ ಭೇಟಿಯವರೆಗೆ ಕಾಯದೆ ಇಂದೇ ಎರಡೂ ಚೀಟಿ, ಎರಡೂ ಸ್ಟ್ರಿಪ್ಪು ಮತ್ತು ಆ ರಕ್ತಪರೀಕ್ಷೆಯ ವರದಿಯನ್ನು ಹಿಡಿದುಕೊಂಡು ಶಿರಸಿಯ ತಮ್ಮ ವೈದ್ಯರನ್ನು ಕಾಣಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದು ಬಹಳ ಮನೆಗಳಲ್ಲಿ ನಡೆಯುವ ಸಂಗತಿ.

ಪ್ರೆಗಾಬಲಿನ್ ಮತ್ತು ಅದೇ ವರ್ಗದ ಗಾಬಾಪೆಂಟಿನ್ ಔಷಧಗಳು ಯಕೃತ್ತಿನಲ್ಲಿ ಕರಗಿಹೋಗುವಂಥವಲ್ಲ. ಹೆಚ್ಚುಕಡಿಮೆ ನುಂಗಿದ ರೂಪದಲ್ಲಿಯೇ ಮೂತ್ರಪಿಂಡದ ಮೂಲಕ ಹೊರಹೋಗುತ್ತವೆ. ಮೂತ್ರಪಿಂಡ ಚೆನ್ನಾಗಿದ್ದರೆ ಸುಮಾರು ಆರು ಗಂಟೆಗಳಲ್ಲಿ ರಕ್ತದಲ್ಲಿರುವ ಪ್ರೆಗಾಬಲಿನ್ ಅರ್ಧಕ್ಕೆ ಇಳಿಯುತ್ತದೆ. ಮೂತ್ರಪಿಂಡ ಸೋತಿದ್ದರೆ ಇಂದಿನದು ಪೂರ್ತಿ ಹೊರಹೋಗುವ ಮೊದಲೇ ನಾಳಿನದು ಸೇರಿಕೊಳ್ಳುತ್ತದೆ. ವರದಿಯಲ್ಲಿ 1.8 ಎಂಬ ಅಂಕಿ ನೋಡಿದವರಿಗೆ ‘ಸ್ವಲ್ಪ ಹೆಚ್ಚಿದೆ’ ಎನಿಸಬಹುದು. ಆದರೆ ಔಷಧದ ಪ್ರಮಾಣ ನಿರ್ಧರಿಸುವಾಗ ನಾವು ವಯಸ್ಸು ಮತ್ತು ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸುವುದು ಗಂಡಸರಿಗೆ ಬಳಸುವ ಹಳೆಯ ಸೂತ್ರ. ಮೂತ್ರಪಿಂಡ ರಕ್ತವನ್ನು ಎಷ್ಟು ವೇಗವಾಗಿ ಶುದ್ಧಗೊಳಿಸುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ; ತಮ್ಮ ತಂದೆಯವರಿಗೆ ಇದು ನಿಮಿಷಕ್ಕೆ ಸುಮಾರು 30 ಮಿಲಿಲೀಟರ್ ಬರುತ್ತದೆ. 60ಕ್ಕಿಂತ ಕಡಿಮೆಯಾದರೆ ಪ್ರೆಗಾಬಲಿನ್ ಪ್ರಮಾಣವನ್ನು ಅರ್ಧಕ್ಕೂ, 30ಕ್ಕಿಂತ ಕಡಿಮೆಯಾದರೆ ಕಾಲುಭಾಗಕ್ಕೂ ಇಳಿಸಬೇಕೆಂಬುದು ಪಾಲಿಸಬೇಕಾದ ನಿಯಮ. ಅಂದರೆ ಎರಡು ಸ್ಟ್ರಿಪ್ಪುಗಳಿಂದ ಅವರಿಗೆ ಸಿಗುತ್ತಿರುವ 150 ಮಿಲಿಗ್ರಾಂ, ಮೂತ್ರಪಿಂಡ ಗಟ್ಟಿಯಾಗಿರುವವರಿಗೆ 300 ಅಥವಾ ಅದಕ್ಕೂ ಹೆಚ್ಚು ಕೊಟ್ಟಂತೆ. ತೂಕಡಿಕೆ, ತೊದಲು, ನಡೆಯುವಾಗಿನ ತಡವರಿಕೆ ಮೂರಕ್ಕೂ ಇದು ಕಾರಣವಾಗಿರುವ ಸಾಧ್ಯತೆ ಬಲವಾಗಿದೆ.

ಮಂಡಿನೋವಿಗೆ ತೆಗೆದುಕೊಳ್ಳುವ ಡೈಕ್ಲೊಫೆನಾಕ್ ಈ ಸಂಗತಿಯನ್ನು ಇನ್ನಷ್ಟು ಕೆಡಿಸುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಈಗಾಗಲೇ ಬಳಲಿರುವ ಮೂತ್ರಪಿಂಡ ಇನ್ನಷ್ಟು ಕುಗ್ಗುತ್ತದೆ, ಆಗ ಪ್ರೆಗಾಬಲಿನ್ ಇನ್ನಷ್ಟು ಉಳಿಯುತ್ತದೆ. ನರದ ಉರಿಗೆ ಆ ಗುಳಿಗೆಗಳಿಂದ ಹೇಳಿಕೊಳ್ಳುವಂಥ ಉಪಯೋಗವೂ ಇಲ್ಲ. ಮಂಡಿಗೆ ಏನು ಕೊಡಬಹುದೆಂದು ವೈದ್ಯರನ್ನೇ ಕೇಳಿ, ಅಂಗಡಿಯಿಂದ ತರಿಸುವುದನ್ನು ನಿಲ್ಲಿಸಿ.

ಮೂತ್ರ ಕಟ್ಟುವ ವಿಷಯವನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರಬಾರದು. ನಾರ್ಟ್ರಿಪ್ಟಿಲಿನ್ ಮತ್ತು ಅದರ ಸೋದರ ಔಷಧವಾದ ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಪ್ರಾಸ್ಟೇಟ್ ದೊಡ್ಡದಾಗಿರುವ ಹಿರಿಯರಲ್ಲಿ ಮೂತ್ರವನ್ನು ಪೂರ್ತಿಯಾಗಿ ತಡೆದುಬಿಡಲೂಬಹುದು. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ, ಹೃದಯದ ಬಡಿತದಲ್ಲಿ ಏರುಪೇರು ಇರುವವರಿಗೆ ಇವನ್ನು ಬಹಳ ಎಚ್ಚರದಿಂದ ಮಾತ್ರ ಕೊಡಬೇಕು. ಈ ಹಿಂದೆ ಹೃದಯದ ತೊಂದರೆ ಆಗಿದ್ದರೆ ಅದನ್ನೂ ಇಂದು ಮರೆಯದೆ ತಿಳಿಸಿ.

ಮೆಟ್‌ಫಾರ್ಮಿನ್ ಬಗ್ಗೆಯೂ ಎರಡು ಮಾತು. ಮೂತ್ರಪಿಂಡದ ಶಕ್ತಿ ಈ ಮಟ್ಟಕ್ಕೆ ಇಳಿದಾಗ ಅದರ ಪ್ರಮಾಣವನ್ನು ಮರುಪರಿಶೀಲಿಸಬೇಕಾಗುತ್ತದೆ. ಜೊತೆಗೆ, ಬಹಳ ವರ್ಷ ಅದನ್ನು ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಇಳಿಯುವುದುಂಟು; ಶುದ್ಧ ಸಸ್ಯಾಹಾರಿಗಳಲ್ಲಿ ಇದು ಇನ್ನೂ ಬೇಗ. ಬಿ12 ಕೊರತೆಯಿಂದಲೇ ಪಾದ ಜೋಮು ಹಿಡಿದು ಉರಿಯಬಹುದು. ಹೀಗಿದ್ದರೆ ನೋವಿನ ಗುಳಿಗೆಗಿಂತ ಆ ಕೊರತೆಯನ್ನು ತುಂಬುವುದೇ ಮುಖ್ಯ ಚಿಕಿತ್ಸೆಯಾಗುತ್ತದೆ.

ಬೈತಖೋಲ, ಕಾರವಾರ (ಸೋಮವಾರ ಮಧ್ಯಾಹ್ನ)

ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ ಇದೆ. ನಾನು ಟ್ರಾಲರ್ ಬೋಟಿನಲ್ಲಿ ಕೆಲಸ ಮಾಡುತ್ತೇನೆ. ಸೊಂಟದ ಡಿಸ್ಕ್ ಸರಿದು ಬಲಗಾಲಿಗೆ ನೋವು ಇಳಿಯುವುದರಿಂದ ಗಾಬಾಪೆಂಟಿನ್ 300 ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳುತ್ತಿದ್ದೇನೆ. ಒಮ್ಮೆ ಗಾಳಿ ಜೋರಾಗಿ ಬೋಟು ದಡಕ್ಕೆ ಮರಳುವುದು ತಡವಾಯಿತು, ಒಯ್ದಿದ್ದ ಗುಳಿಗೆ ಮುಗಿದುಹೋಯಿತು. ಮೈಯೆಲ್ಲ ಬೆವರಿ, ಕೈ ನಡುಗಿ, ರಾತ್ರಿಯಿಡೀ ನಿದ್ದೆ ಬರಲಿಲ್ಲ. ಕಾಲಿನ ನೋವೂ ಮೊದಲಿಗಿಂತ ಹೆಚ್ಚಾಯಿತು. ‘ನಿನಗೆ ಗುಳಿಗೆಯ ಚಟ ಹಿಡಿದಿದೆ’ ಎಂದು ಜೊತೆಯವರು ಹೇಳಿದ ಮಾತು ಈಗಲೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದು ನಿಜವೇ? ಎದೆಯುರಿಗೆ ನಾನು ಆಗಾಗ ಗುಲಾಬಿ ಬಣ್ಣದ ಸಿರಪ್ ಕುಡಿಯುತ್ತೇನೆ, ಅದರಿಂದ ತೊಂದರೆ ಇದೆಯೇ? ಬಲೆ ಎಳೆದು ದಣಿದ ರಾತ್ರಿ ಬೋಟಿನಲ್ಲಿ ಸ್ವಲ್ಪ ಮದ್ಯ ಕುಡಿಯುವ ಅಭ್ಯಾಸ ಎಲ್ಲರಿಗೂ ಇದೆ. ಅದರ ಬಗ್ಗೆಯೂ ತಿಳಿಸಿ.

ಕಾಳಿತೀರ, ಕಾರವಾರ (ಸೋಮವಾರ ರಾತ್ರಿ)

ಅಣ್ಣ, ವೈದ್ಯರು ಹೇಳಿದ ಪ್ರಮಾಣವನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಚಟ ಎನ್ನಲಾಗದು. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಿನವೂ ಬರುತ್ತಿದ್ದ ಔಷಧ ಒಮ್ಮೆಲೇ ನಿಂತಾಗ ನರಮಂಡಲ ಕೆರಳುವುದರಿಂದ ಬೆವರು, ನಡುಕ, ನಿದ್ರಾಹೀನತೆ, ಓಕರಿಕೆ, ಆತಂಕ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು, ಬೋಟಿನ ಮೇಲೆ ಅದು ಪ್ರಾಣಕ್ಕೇ ಕುತ್ತು. ಈ ಕಾರಣಕ್ಕಾಗಿಯೇ ಗಾಬಾಪೆಂಟಿನ್ ಮತ್ತು ಪ್ರೆಗಾಬಲಿನ್ ಬಿಡಬೇಕಾದಾಗ ಕನಿಷ್ಠ ಒಂದು ವಾರ, ಬಹಳ ಕಾಲ ತೆಗೆದುಕೊಂಡವರಲ್ಲಿ ಅದಕ್ಕಿಂತಲೂ ನಿಧಾನವಾಗಿ, ವೈದ್ಯರು ಹಾಕಿಕೊಟ್ಟ ಕ್ರಮದಲ್ಲಿ ಇಳಿಸುತ್ತಾ ಬರಬೇಕು. ಆದರೂ ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಬೇಕೆನಿಸುವುದು, ನೋವಿಲ್ಲದಿದ್ದರೂ ಮತ್ತಿಗಾಗಿ ನುಂಗುವುದು, ಬೇರೆಯವರ ಗುಳಿಗೆ ಕೇಳಿ ಪಡೆಯುವುದು ಶುರುವಾದರೆ ಅದು ಬೇರೆಯೇ ಸಂಗತಿ. ಈ ಔಷಧಗಳ ದುರ್ಬಳಕೆ ನಡೆಯುತ್ತದೆ ಎಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ಇವೆರಡನ್ನೂ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿದ್ದಾರೆ. ಹಾಗೇನಾದರೂ ಅನಿಸಿದರೆ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ.

ಸಮುದ್ರಕ್ಕೆ ಹೋಗುವಾಗ ಲೆಕ್ಕಕ್ಕಿಂತ ಕೆಲವು ದಿನಗಳ ಗುಳಿಗೆ ಹೆಚ್ಚಿಗೆ ಇರಲಿ. ಅದನ್ನು ನೀರು ಸೇರದ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಚೀಟಿಯ ನಕಲಿನೊಂದಿಗೆ ಇಡಿ. ಎಂಜಿನ್ ಕೋಣೆಯ ಬಿಸಿಯಲ್ಲಿ ಇಡಬೇಡಿ.

ಎದೆಯುರಿಯ ಸಿರಪ್ಪುಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವಂಥವು. ಜೊತೆಗೇ ಕುಡಿದರೆ ಗಾಬಾಪೆಂಟಿನ್ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸಿರಪ್ ಕುಡಿದ ಎರಡು ಗಂಟೆಗಳ ನಂತರ ಗುಳಿಗೆ ತೆಗೆದುಕೊಂಡರೆ ಸಾಕು.

ಮದ್ಯದ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಹೇಳಲಾರೆ. ಈ ಔಷಧಗಳೂ ಮದ್ಯವೂ ಎರಡೂ ಮಿದುಳನ್ನು ಮಂಕಾಗಿಸುತ್ತವೆ, ಎರಡೂ ಸೇರಿದಾಗ ಉಸಿರಾಟವೇ ನಿಧಾನವಾಗುವ ಅಪಾಯವಿದೆ. ನಿದ್ದೆಗುಳಿಗೆ ಮತ್ತು ಟ್ರಮಡಾಲ್‌ನಂತಹ ಅಫೀಮು ವರ್ಗದ ನೋವಿನ ಗುಳಿಗೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಪ್ರತ್ಯೇಕ ಎಚ್ಚರಿಕೆಯನ್ನೇ ಕೊಟ್ಟಿದೆ. ವಯಸ್ಸಾದವರಿಗೆ, ದಮ್ಮು ಮತ್ತು ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಟ್ರಮಡಾಲನ್ನು ಅಮಿಟ್ರಿಪ್ಟಿಲಿನ್ ಅಥವಾ ನರದ ನೋವಿಗೇ ಕೊಡುವ ಇನ್ನೊಂದು ಔಷಧವಾದ ಡುಲೊಕ್ಸೆಟಿನ್ ಜೊತೆ ಸೇರಿಸಿದರೆ ಫಿಟ್ಸ್ ಬರುವ ಮತ್ತು ಮೈ ಬಿಸಿಯೇರಿ ನಡುಕ, ಗೊಂದಲ ಹುಟ್ಟುವ ಬೇರೆ ಅಪಾಯವೂ ಉಂಟು. ನಮ್ಮ ದೇಶದಲ್ಲಿ 2018ರಿಂದ ಟ್ರಮಡಾಲ್ ಮಾದಕ ವಸ್ತುಗಳ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ‘ಗಟ್ಟಿ ಗುಳಿಗೆ ಕೊಡಿ’ ಎಂದು ಚೀಟಿ ಇಲ್ಲದೆ ಕೇಳಿಬರುವವರಿಗೆ ನಾವು ಇಲ್ಲ ಎನ್ನುವುದು ಜಂಬದಿಂದಲ್ಲ ಎಂಬುದನ್ನು ದಯವಿಟ್ಟು ಅರ್ಥಮಾಡಿಕೊಳ್ಳಿ.

ತೋಟದಮನೆ, ಸಿದ್ದಾಪುರ (ಮಂಗಳವಾರ ಬೆಳಿಗ್ಗೆ)

ಎಲ್ಲರ ಬರಹವನ್ನೂ ಓದಿದೆ. ನನಗೆ ಇನ್ನೂ ಮೂಲಭೂತವಾದ ಒಂದು ಸಂದೇಹವಿದೆ. ಇಷ್ಟೆಲ್ಲ ಎಚ್ಚರಿಕೆ ಬೇಕಾಗುವ ಔಷಧದಿಂದ ನಿಜವಾಗಿ ಎಷ್ಟು ಜನರಿಗೆ ಉಪಯೋಗವಾಗುತ್ತದೆ? ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗೌಡರಿಗೆ ಸೊಂಟದಿಂದ ಕಾಲಿಗೆ ಹರಿಯುವ ನೋವಿಗೆಂದು ಪ್ರೆಗಾಬಲಿನ್ ಬರೆದುಕೊಟ್ಟಿದ್ದಾರೆ. ನೋವು ಅಷ್ಟೇನೂ ಇಳಿದಿಲ್ಲ, ಬೆಳಗಿನ ಹೊತ್ತು ತಲೆ ಭಾರ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಅವರು ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುವುದನ್ನು ಕೆಳಗೆ ನಿಂತು ನೋಡಲು ನನಗೆ ಧೈರ್ಯ ಸಾಲದು. ಕೊಯ್ಲು ಮುಂದೂಡೋಣ ಎಂದರೆ ಅವರ ಕೂಲಿಯ ಪ್ರಶ್ನೆ ಬರುತ್ತದೆ. ನಾಟಿ ತೈಲ, ಕಷಾಯಗಳಲ್ಲಿ ಪರಿಹಾರ ನೋಡಬಾರದೇ?

ಶರಾವತಿ ದಂಡೆ, ಹೊನ್ನಾವರ (ಮಂಗಳವಾರ ರಾತ್ರಿ)

ತಮ್ಮ ಸಂದೇಹ ಸರಿಯಾದದ್ದೇ, ಅದನ್ನು ಪ್ರತಿಯೊಬ್ಬ ರೋಗಿಯೂ ಕೇಳಬೇಕು. ಸರ್ಪಸುತ್ತಿನ ನಂತರದ ನೋವು ಮತ್ತು ಸಕ್ಕರೆ ಕಾಯಿಲೆಯ ಪಾದದ ಉರಿಯಲ್ಲಿ ಈ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡ ಹತ್ತು ಜನರಲ್ಲಿ ಮೂರು, ನಾಲ್ಕು ಜನರಿಗೆ ನೋವು ಅರ್ಧದಷ್ಟು ಇಳಿಯುತ್ತದೆ. ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟಾಗಲೂ ಒಬ್ಬಿಬ್ಬರಿಗೆ ಅಷ್ಟೇ ಇಳಿಯುತ್ತದೆ. ಉಳಿದವರಿಗೆ ಸ್ವಲ್ಪ ಅಥವಾ ಏನೂ ಉಪಯೋಗವಾಗುವುದಿಲ್ಲ. ಸೊಂಟದಿಂದ ಕಾಲಿಗಿಳಿಯುವ ನೋವಿನ ಸಂಗತಿ ಬೇರೆ. ಅದರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರೆಗಾಬಲಿನ್ ಹುಸಿ ಗುಳಿಗೆಗಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಗಿತ್ತು. ಆದ್ದರಿಂದ ಕೊನೆಗೌಡರು ‘ಇದು ನನಗೆ ಬೇಕೇ?’ ಎಂದು ತಮ್ಮ ವೈದ್ಯರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೈತಖೋಲದವರೂ ಮುಂದಿನ ಭೇಟಿಯಲ್ಲಿ ಇದೇ ಪ್ರಶ್ನೆ ಕೇಳಬಹುದು, ಆದರೆ ತಾವಾಗಿಯೇ ನಿಲ್ಲಿಸಬಾರದು.

ಗುಳಿಗೆ ಆರಂಭಿಸುವ ದಿನವೇ ವೈದ್ಯರು ಮತ್ತು ರೋಗಿ ಇಬ್ಬರೂ ಸೇರಿ ಎಷ್ಟು ವಾರ ನೋಡುವುದು, ಏನು ಸುಧಾರಿಸಿದರೆ ಮುಂದುವರಿಸುವುದು ಎಂದು ಮಾತಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನೋವು ಪೂರ್ತಿ ಹೋಗಬೇಕೆಂಬ ನಿರೀಕ್ಷೆಯಿಂದ ಪ್ರಮಾಣ ಏರಿಸುತ್ತಾ ಹೋದರೆ ಅಡ್ಡಪರಿಣಾಮ ಮಾತ್ರ ಏರುತ್ತದೆ. ರಾತ್ರಿ ನಿದ್ದೆ ಬಂತೇ, ಅಂಗಳದವರೆಗೆ ನಡೆಯಲು ಆಯಿತೇ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ವಾಸಿ. ಸಾಕಷ್ಟು ಕಾಲ ನೋಡಿದ ಮೇಲೂ ಉಪಯೋಗವಿಲ್ಲದಿದ್ದರೆ ನಿಧಾನವಾಗಿ ಇಳಿಸಿ ಬಿಟ್ಟು, ಬೇರೆ ವರ್ಗದ ಔಷಧ ನೋಡಬೇಕು. ಸಕ್ಕರೆ ಕಾಯಿಲೆಯ ನರದ ನೋವಿನಲ್ಲಿ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರೆಗಾಬಲಿನ್ ಮೂರರಲ್ಲಿ ಯಾವುದರಿಂದ ಆರಂಭಿಸಿದರೂ ಫಲ ಹೆಚ್ಚುಕಡಿಮೆ ಒಂದೇ ಎಂದು ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿದೆ. ಅಂದರೆ ಯಾವ ಗುಳಿಗೆ ಎಂಬ ಆಯ್ಕೆ ರೋಗಿಯ ಮೂತ್ರಪಿಂಡ, ಹೃದಯ, ಯಕೃತ್ತು, ಪ್ರಾಸ್ಟೇಟ್ ಮತ್ತು ಅವರು ಮಾಡುವ ಕೆಲಸವನ್ನು ನೋಡಿ ಆಗಬೇಕು.

ಮರ ಹತ್ತುವ ವಿಷಯ: ಗುಳಿಗೆ ಆರಂಭಿಸಿದಾಗ, ಪ್ರಮಾಣ ಏರಿಸಿದಾಗ, ತಲೆ ಭಾರವಿದ್ದಾಗ ಮರ ಹತ್ತಬಾರದು. ದೇವಿಮನೆ ಅಥವಾ ಅರಬೈಲು ಘಟ್ಟದಲ್ಲಿ ವಾಹನ ಓಡಿಸುವವರಿಗೂ ಅದೇ ನಿಯಮ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಬರುವಾಗಲೂ ತೂಕಡಿಸುವ ರೋಗಿಗಳನ್ನು ನಾನು ಕಂಡಿದ್ದೇನೆ. ಕೂಲಿಯ ಪ್ರಶ್ನೆಗೆ ನನ್ನಲ್ಲಿ ವೈದ್ಯಕೀಯ ಉತ್ತರವಿಲ್ಲ, ಆದರೆ ಅಷ್ಟು ದಿನ ಅವರಿಗೆ ಅಡಿಕೆ ಆರಿಸುವ, ಸುಲಿಯುವ ನೆಲದ ಮೇಲಿನ ಕೆಲಸ ಕೊಡಲು ತಮ್ಮಂಥವರಿಗೆ ಸಾಧ್ಯವಿದೆ.

ತೈಲ ಹಚ್ಚುವುದಕ್ಕೆ ನನ್ನ ಆಕ್ಷೇಪವಿಲ್ಲ. ಜೋಮು ಹಿಡಿದ ಪಾದಕ್ಕೆ ಬಿಸಿ ತೈಲ, ಬಿಸಿನೀರಿನ ಚೀಲ, ಹಂಡೆಯಿಂದ ನೇರವಾಗಿ ತೋಡಿದ ನೀರು ಮಾತ್ರ ಬೇಡ. ಸುಟ್ಟದ್ದು ಅವರಿಗೆ ಗೊತ್ತಾಗುವುದೇ ಇಲ್ಲ, ಮರುದಿನ ಬೊಬ್ಬೆ ಕಂಡಾಗಲೇ ತಿಳಿಯುತ್ತದೆ. ಮನೆಯವರು ಮೊಣಕೈ ಅದ್ದಿ ನೋಡಿದ ನೀರನ್ನೇ ಹಾಕಬೇಕು. ಮಳೆಗಾಲದಲ್ಲಿ ತೋಟದಿಂದ ಬಂದ ಮೇಲೆ ಉಂಬಳ ಕಚ್ಚಿದ ಗಾಯ, ಮುಳ್ಳು ತಾಗಿದ ಗುರುತು ಇದೆಯೇ ಎಂದು ಪಾದದ ಅಡಿಯನ್ನೂ ಬೆರಳ ಸಂದಿಯನ್ನೂ ದಿನವೂ ನೋಡಬೇಕು. ಹೊಟ್ಟೆಗೆ ಕೊಡುವ ಕಷಾಯ, ಭಸ್ಮಗಳ ವಿಷಯ ಹಾಗಲ್ಲ. ಲೋಹದ ಭಸ್ಮ ಸೇರಿದ ಕೆಲವು ಔಷಧಗಳಲ್ಲಿ ಸೀಸ, ಪಾದರಸ ಕಂಡುಬಂದದ್ದುಂಟು, ಅವು ಮೂತ್ರಪಿಂಡ ಮತ್ತು ನರ ಎರಡಕ್ಕೂ ಕೆಟ್ಟದ್ದು. ಏನು ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಬೈಯುತ್ತಾರೆಂಬ ಭಯದಿಂದ ರೋಗಿಗಳು ಹೇಳದೆ ಉಳಿದರೆ ಅದರಲ್ಲಿ ನಮ್ಮ ವೈದ್ಯರ ಪಾಲೂ ಇದೆ.

ಅಘನಾಶಿನಿ, ಶಿರಸಿ (ಗುರುವಾರ ಸಂಜೆ)

ತಮ್ಮೆಲ್ಲರ ಮಾತಿನಂತೆ ಸೋಮವಾರವೇ ವೈದ್ಯರನ್ನು ಕಂಡೆವು. ಅವರು ಎರಡೂ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, ಹುಬ್ಬಳ್ಳಿಯ ವೈದ್ಯರೊಡನೆ ಫೋನಿನಲ್ಲಿ ಮಾತಾಡಿದರು. ನಾರ್ಟ್ರಿಪ್ಟಿಲಿನ್ ಇರುವುದನ್ನು ನಿಲ್ಲಿಸಿದ್ದಾರೆ. ಪ್ರೆಗಾಬಲಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸುವಂತೆ ದಿನಾಂಕ ಹಾಕಿ ಬರೆದುಕೊಟ್ಟಿದ್ದಾರೆ. ಡೈಕ್ಲೊಫೆನಾಕ್ ಪೂರ್ತಿ ಬೇಡವೆಂದರು. ಕ್ರಿಯಾಟಿನಿನ್ ಮತ್ತೆ ಪರೀಕ್ಷಿಸಿದಾಗ 1.9 ಬಂದಿದೆ, ಬಿ12 ವರದಿ ಇನ್ನೂ ಬರಬೇಕಾಗಿದೆ. ಮೆಟ್‌ಫಾರ್ಮಿನ್ ಕೂಡ ಕಡಿಮೆ ಮಾಡಿದ್ದಾರೆ. ತಂದೆಯವರು ನಿನ್ನೆಯಿಂದ ಹಗಲು ಎಚ್ಚರವಾಗಿರುತ್ತಾರೆ, ಮಾತು ಸ್ಪಷ್ಟವಾಗಿದೆ. ಎದೆಯ ಉರಿ ಇದೆ. ಅದಕ್ಕೆ ಚರ್ಮದ ಮೇಲೆ ಅಂಟಿಸುವ ಅಥವಾ ಹಚ್ಚುವ ಔಷಧ ಆಗುತ್ತದೆಯೇ ಎಂದು ಮುಂದಿನ ವಾರ ನೋಡೋಣವೆಂದಿದ್ದಾರೆ.

ಹಿಂದಿನ ಅಂಗಳದ ಹಾವಸೆಯನ್ನು ಸುಣ್ಣ ಹಾಕಿ ಉಜ್ಜಿಸಿ, ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಹಾಕಿಸಿದ್ದೇವೆ. ಔಷಧಗಳ ಮೂಲ ಹೆಸರು, ಪ್ರಮಾಣ, ಹೊತ್ತು, ಬರೆದುಕೊಟ್ಟ ವೈದ್ಯರು ಮತ್ತು ಇತ್ತೀಚಿನ ಕ್ರಿಯಾಟಿನಿನ್, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಎಲ್ಲರ ಫೋನಿನಲ್ಲೂ ಅದರ ಚಿತ್ರವಿದೆ.

ಗಂಗಾವಳಿ, ಅಂಕೋಲಾ (ಗುರುವಾರ ರಾತ್ರಿ)

ನಮ್ಮ ಅತ್ತೆಯವರಿಗೆ ಕೆನ್ನೆಯಲ್ಲಿ ಸಿಡಿಲು ಹೊಡೆದಂತೆ ನೋವು ಬರುತ್ತಿತ್ತು. ಹಲ್ಲಿನ ನೋವೆಂದು ಎರಡು ಹಲ್ಲು ಕೀಳಿಸಿದ ಮೇಲೆ ಮುಖದ ನರದ ನೋವೆಂದು ತಿಳಿಯಿತು. ಈಗ ಕಾರ್ಬಮಜೆಪಿನ್ ಆರಂಭಿಸಿದ್ದಾರೆ, ನೋವು ಬಹಳ ಕಡಿಮೆಯಾಗಿದೆ. ಒಮ್ಮೆಲೇ ನಿಲ್ಲಿಸಬಾರದೆಂಬ ಮಾತು ಇದಕ್ಕೂ ಅನ್ವಯಿಸುತ್ತದೆಯೇ?

ಶರಾವತಿ ದಂಡೆ, ಹೊನ್ನಾವರ (ಶುಕ್ರವಾರ ಬೆಳಿಗ್ಗೆ)

ಸಾಮಾನ್ಯವಾಗಿ ಅನ್ವಯಿಸುತ್ತದೆ, ಆದರೆ ಒಂದು ಮುಖ್ಯವಾದ ಅಪವಾದವಿದೆ. ಕಾರ್ಬಮಜೆಪಿನ್ ಆರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಮೈಮೇಲೆ ದದ್ದು, ಬೊಬ್ಬೆ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಗುಳಿಗೆ ಕೊಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮ ಸುಲಿಯುವ ಮಾರಕ ಪ್ರತಿಕ್ರಿಯೆ ಹೀಗೆಯೇ ಆರಂಭವಾಗುತ್ತದೆ, ಮತ್ತು ಅದರ ಅಪಾಯವನ್ನು ಹೆಚ್ಚಿಸುವ ಒಂದು ಆನುವಂಶಿಕ ಗುಣ ಏಷ್ಯಾದ ಜನರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ರಕ್ತದ ಸೋಡಿಯಂ ಇಳಿದು ಗೊಂದಲ, ಸುಸ್ತು ಬರುವುದೂ ಉಂಟು. ವಯಸ್ಸಾದವರಲ್ಲಿ ಅದನ್ನು ಪರೀಕ್ಷಿಸುತ್ತಿರಬೇಕು. ಪ್ರೆಗಾಬಲಿನ್ ಅಥವಾ ಗಾಬಾಪೆಂಟಿನ್ ತೆಗೆದುಕೊಂಡವರಲ್ಲಿ ಮುಖ, ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದಂತಾದರೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಕಾಳಿತೀರ, ಕಾರವಾರ (ಶುಕ್ರವಾರ ರಾತ್ರಿ)

ಇಷ್ಟರಲ್ಲಿ ಹೇಳದೆ ಉಳಿದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಒಂದು ಹೊತ್ತಿನ ಗುಳಿಗೆ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಗುಳಿಗೆಯ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಕೊಡಬೇಡಿ. ಡುಲೊಕ್ಸೆಟಿನ್ ಕ್ಯಾಪ್ಸೂಲನ್ನು ಬಿಚ್ಚಿ ಅನ್ನದಲ್ಲಿ ಕಲಸಬಾರದು. ಹೆಸರಿನ ಮುಂದೆ ‘ಎಸ್‌ಆರ್’ (ಔಷಧವನ್ನು ನಿಧಾನವಾಗಿ ಬಿಡುಗಡೆ ಮಾಡುವಂಥದ್ದು) ಎಂದಿರುವ ಗುಳಿಗೆಯನ್ನು ಪುಡಿ ಮಾಡಬಾರದು, ಇಡೀ ದಿನದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಪ್ರೆಗಾಬಲಿನ್‌ನಿಂದ ಪಾದ ಊದಿಕೊಳ್ಳಬಹುದು, ತೂಕ ಏರಬಹುದು. ಸಕ್ಕರೆಗೆ ಪಯೋಗ್ಲಿಟಜೋನ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಊತಕ್ಕೆಂದು ತಾವಾಗಿಯೇ ಮೂತ್ರ ಇಳಿಸುವ ಗುಳಿಗೆ ತರಿಸಬೇಡಿ.

ಈ ಔಷಧಗಳು ಕೆಲವರ ಮನಸ್ಸನ್ನು ಕುಗ್ಗಿಸುತ್ತವೆ. ಬಹಳ ದಿನದ ನೋವೂ ಅದನ್ನೇ ಮಾಡುತ್ತದೆ. ಬದುಕು ಬೇಡವೆಂಬ ಮಾತು ಹಿರಿಯರ ಬಾಯಿಂದ ಬಂದರೆ ‘ಸುಮ್ಮನೆ ಹೇಳುತ್ತಾರೆ’ ಎಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಅಘನಾಶಿನಿಯವರೇ, ತಂದೆಯವರಿಗೆ ವಾಂತಿ, ಭೇದಿ ಅಥವಾ ತೀವ್ರ ಜ್ವರ ಬಂದು ನೀರು ಸೇರದ ದಿನ ಕಪಾಟಿನ ಹಾಳೆಯನ್ನು ಕೈಗೆತ್ತಿಕೊಂಡು ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ದೇಹದ ನೀರು ಇಳಿದರೆ ಅವರ ಮೂತ್ರಪಿಂಡ ಒಂದೆರಡು ದಿನಗಳಲ್ಲೇ ಇನ್ನಷ್ಟು ಕುಗ್ಗಬಹುದು, ಆಗ ಈಗ ಇಳಿಸಿರುವ ಪ್ರಮಾಣವೂ ಹೆಚ್ಚಾಗುತ್ತದೆ. ಮೆಟ್‌ಫಾರ್ಮಿನ್ ಮತ್ತು ರಕ್ತದೊತ್ತಡದ ಗುಳಿಗೆಯನ್ನು ಅಂತಹ ದಿನಗಳಲ್ಲಿ ಏನು ಮಾಡಬೇಕೆಂಬುದನ್ನೂ ಮುಂದಿನ ವಾರದ ಭೇಟಿಯಲ್ಲಿಯೇ ಕೇಳಿ, ಅದೇ ಹಾಳೆಯ ಕೆಳಗೆ ಬರೆದಿಡಿ.